ದೇವರಮನೆಯ ಮೇಲಿನ ಬಿಸಿಲು

ಕೊಂಡೇನಹಳ್ಳಿ, ಹೊಸೂರು ತಾಲ್ಲೂಕು
14-4-2024

ಮಾದೇಶನಿಗೆ,

ನಿನಗೆ ಕಾಗದ ಬರೆಯಬಾರದೆಂದು ಹನ್ನೊಂದು ತಿಂಗಳು ಹಲ್ಲು ಕಚ್ಚಿಕೊಂಡಿದ್ದೆ. ಸಿಟ್ಟು ಈಗಲೂ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಲು ಪಾಲಿಶ್ ಫ್ಯಾಕ್ಟರಿಯ ಸೂಪರ್‌ವೈಸರು ನಿಮ್ಮಣ್ಣನ ಎದೆ ಬೀಡಿ ಸೇದಿ ಕೆಟ್ಟಿತು ಎಂದ. ಇಪ್ಪತ್ತು ವರ್ಷ ಅವರ ಕಲ್ಲಿನ ಧೂಳು ಕುಡಿದವರಿಗೆ, ಒಂದು ದಿನವೂ ಬೀಡಿ ಮುಟ್ಟದವರಿಗೆ ಆ ಮಾತು ಆಡಬಾರದಿತ್ತು, ಒಪ್ಪಿದೆ. ಆದರೆ ನೀನು ಸ್ಪ್ಯಾನರ್ ಎತ್ತಿ ಅವನ ಒಂದು ಕಣ್ಣು ಕಳೆದೆ. ನಿನಗೆ ಮೂರು ವರ್ಷ ಜೈಲಾಯಿತು, ನಮ್ಮ ಪಾಲಿಗೆ ಫ್ಯಾಕ್ಟರಿಯ ಗೇಟು ಮುಚ್ಚಿತು. ನಿನ್ನ ಶೌರ್ಯದಿಂದ ಮನೆಗೆ ಬಂದದ್ದು ಇಷ್ಟೇ.

ಈಗ ಬರೆಯುತ್ತಿರುವುದು ಬೇರೆ ದಾರಿ ಕಾಣದೆ. ನಿಮ್ಮಣ್ಣನಿಗೆ ಆಸ್ಪತ್ರೆಯವರು ಆಕ್ಸಿಜನ್ ಮಿಷನ್ ಬರೆದುಕೊಟ್ಟಿದ್ದಾರೆ. ಗಾಳಿಯನ್ನು ಸೋಸಿ ಮೂಗಿನ ಕೊಳವೆಗೆ ಕಳಿಸುವ ಪೆಟ್ಟಿಗೆ. ದಿನವಿಡೀ ಗುರುಗುಟ್ಟುತ್ತದೆ. ಆ ಸದ್ದು ಇದ್ದರೆ ನಮಗೆ ನೆಮ್ಮದಿ, ನಿಂತರೆ ಜೀವ ಹಾರುತ್ತದೆ. ಅದು ಓಡುವುದು ಕರೆಂಟಿನ ಮೇಲೆ, ನಮ್ಮೂರ ಕರೆಂಟಿನ ಕಥೆ ನಿನಗೆ ಗೊತ್ತು. ತಿಂಗಳಿಗೊಂದು ದಿನ ರಿಪೇರಿ ಎಂದು ಬೆಳಿಗ್ಗೆ ಒಂಬತ್ತರಿಂದ ಐದರವರೆಗೆ ತೆಗೆಯುತ್ತಾರೆ. ಉಳಿದ ದಿನ ಗಾಳಿ ಬೀಸಿದರೆ ಹೋಗುತ್ತದೆ.

ಹೋದ ಮಂಗಳವಾರ ಐದಕ್ಕೆ ಬರಬೇಕಿದ್ದದ್ದು ಏಳಾದರೂ ಬರಲಿಲ್ಲ. ನಾನು ಮೂಕಂಡಪಲ್ಲಿಯ ಕಂಪನಿಯಿಂದ ಓವರ್‌ಟೈಮ್ ಮುಗಿಸಿ ಬಸ್ಸಿಳಿದು ಬಂದರೆ ಮನೆಯಲ್ಲಿದ್ದ ಚಿಕ್ಕ ಸಿಲಿಂಡರು ಮುಗಿದಿದೆ. ನಿಮ್ಮಣ್ಣನ ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗಿದೆ. ಅತ್ತೆ ಮೊರದಲ್ಲಿ ಗಾಳಿ ಹಾಕುತ್ತಾ "ಉಸ್ರು ಬುಡ್ಲಾ ಮಗ, ಉಸ್ರು ಬುಡು" ಎನ್ನುತ್ತಿದ್ದಾರೆ. ಇನ್ನರ್ಧ ಗಂಟೆ ಕರೆಂಟು ಬರದಿದ್ದರೆ ಈ ಕಾಗದದಲ್ಲಿ ಬೇರೆ ಸಮಾಚಾರ ಇರುತ್ತಿತ್ತು.

ನಿನ್ನ ಜೊತೆ ಸೋಲಾರ್ ಹಾಕುವ ಕೆಲಸಕ್ಕಿದ್ದ ಲಕ್ಷ್ಮೀಪತಿ ಬಂದಿದ್ದ. ಯಾವುದೋ ಕಂಪನಿಯ ಮೇಲಿಂದ ಇಳಿಸಿದ ನಾಲ್ಕು ಸೋಲಾರ್ ಪ್ಯಾನೆಲ್ ಇವೆ, ತಂದುಕೊಡುತ್ತೇನೆ ಎಂದ. ಆದರೆ ಅವನು ಶೀಟಿನ ಮೇಲೆ ಹಾಕಿ ರೂಢಿಯಿದ್ದವನು. ಹೆಂಚಿನ ಮಾಡು ಎಂದರೆ ಹಿಂದೆ ಸರಿಯುತ್ತಾನೆ. "ಪೆಂಕು ಪನಿ, ಹೆಂಚಿನ ಕೆಲಸ, ಮಾದೇಶನಿಗೇ ಗೊತ್ತು ಅಕ್ಕಾ, ಅವನ್ನೇ ಕೇಳಿ" ಎಂದು ತನ್ನ ತೆಲುಗುಗನ್ನಡದಲ್ಲಿ ಹೇಳಿದ. ಜೈಲಿನಿಂದ ನೀನು ಅಪರೂಪಕ್ಕೆ ಮಾಡುವ ಫೋನು ಐದು ನಿಮಿಷ, ಅದರಲ್ಲಿ ನಾಲ್ಕು ನಿಮಿಷ ಅತ್ತೆ ಅಳುತ್ತಾರೆ. ಆದ್ದರಿಂದ ಚಿತ್ರ ಬರೆದು, ವಿವರವಾಗಿ ಕಾಗದ ಹಾಕು. ಬೇಗ ಹಾಕು.

ಗಂಗಾದೇವಿ


ಸೆಂಟ್ರಲ್ ಜೈಲು
22-4-2024

ಅತ್ತಿಗೆಯವರಿಗೆ ಮಾದೇಶನ ನಮಸ್ಕಾರ.

ನಿಮ್ಮ ಬೈಗುಳ ಓದಿ ಸಂತೋಷವಾಯಿತು. ಸುಮ್ಮನಿದ್ದದ್ದೇ ಹೆಚ್ಚು ಕಷ್ಟವಾಗಿತ್ತು. ನೀವು ಬರೆದದ್ದೆಲ್ಲ ನಿಜ. ಇನ್ನು ಹೆಂಚಿನ ವಿಷಯ.

ಚಿತ್ರ ಹಿಂದಿನ ಹಾಳೆಯಲ್ಲಿದೆ. ಹೆಂಚಿಗೆ ತೂತು ಹೊಡೆಯಬೇಡಿ. ಹೆಂಚು ಮಾಡಿಗೆ ಹೊದಿಕೆ ಮಾತ್ರ, ಭಾರ ಹೊರುವುದು ಕೆಳಗಿನ ಮರ. ಹೆಂಚನ್ನು ಮೇಲಕ್ಕೆ ಸರಿಸಿದರೆ ಅಡ್ಡಪಟ್ಟಿ ಕಾಣುತ್ತದೆ, ಅದನ್ನು ನಂಬಬೇಡಿ. ಅದರ ಕೆಳಗೆ ಉದ್ದಕ್ಕೆ ಇಳಿದಿರುವ ಜಂತೆಗೆ ಉಕ್ಕಿನ ಕೊಕ್ಕೆಯನ್ನು ಎರಡು ಸ್ಕ್ರೂ ಹಾಕಿ ಬಿಗಿಯಬೇಕು. ಕೊಕ್ಕೆಯ ಬಾಗು ಹೊರಬರುವ ಜಾಗದಲ್ಲಿ ಮೇಲಿನ ಹೆಂಚಿನ ಒಳಮೈಯನ್ನು ಸ್ವಲ್ಪ ಉಜ್ಜಿ ತೆಗೆಯಿರಿ, ಆಗ ಹೆಂಚು ಮೊದಲಿನಂತೆ ಕೂರುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಕೊಕ್ಕೆಗಳ ಮೇಲೆ ಅಡ್ಡ ರೈಲು, ರೈಲಿನ ಮೇಲೆ ಪ್ಯಾನೆಲ್. ಮಾಡಿನ ಮೇಲೆ ಏಣಿಯನ್ನು ಮಲಗಿಸಿ ಅದರ ಮೇಲೇ ನಡೆಯಿರಿ. ವೈರು ಸೇರಿಸುವಾಗ ಪ್ಯಾನೆಲ್ ಮೇಲೆ ದಪ್ಪ ದುಪ್ಪಟಿ ಹೊದಿಸಿ, ಬಿಸಿಲು ಬಿದ್ದರೆ ಅದು ಕೈಗೆ ಹೊಡೆಯುತ್ತದೆ. ದೊಡ್ಡ ಬ್ಯಾಟರಿ ಎರಡು ಸಾಕು. ತುಂಬಿದ್ದರೆ ಮಿಷನ್ ಎಂಟು ಗಂಟೆ ಓಡುತ್ತದೆ. ಬೋಲ್ಟು ಬಿಗಿಯುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಕಂಪನಿಯಲ್ಲಿ ದಿನಕ್ಕೆ ಎಂಟುನೂರು ಬಿಗಿಯುವವರು ನೀವು.

ಇನ್ನು ಕಷ್ಟದ ಮಾತು. ನಮ್ಮ ಮಾಡಿಗೆ ಎರಡು ಇಳಿಜಾರು. ಬೀದಿ ಕಡೆಯದು ಉತ್ತರ, ಹಿತ್ತಿಲ ಕಡೆಯದು ದಕ್ಷಿಣ. ಪ್ಯಾನೆಲ್ ದಕ್ಷಿಣಕ್ಕೇ ಹಾಕಬೇಕು. ಅಲ್ಲಿ ಅಡುಗೆಮನೆಯ ಮೇಲಿನ ಮರವನ್ನು ಗೆದ್ದಲು ತಿಂದಿದೆ, ತೂಕ ತಡೆಯುವುದಿಲ್ಲ. ಉಳಿಯುವುದು ದೇವರಮನೆಯ ಮೇಲೆ. ಹಿತ್ತಿಲ ನೆಲದಲ್ಲಿ ನಿಲ್ಲಿಸೋಣವೆಂದರೆ ಪಕ್ಕದ ಗೋಡೌನಿನ ನೆರಳು ಬೀಳುತ್ತದೆ.

ಅಮ್ಮನ ಕಟ್ಟಳೆ ನನಗೆ ಗೊತ್ತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗಲೂ ದೇವರಮನೆಯ ಮೇಲೆ ಈ ಮನೆಯಲ್ಲಿ ಹುಟ್ಟಿದ ಗಂಡುಮಕ್ಕಳೇ ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲಿ ಹತ್ತಬೇಕು. ಬೇರೆಯವರ ಕಾಲು ಬಿದ್ದರೆ ಮನೆಯ ಬೆಳೆದ ಮಗ ಹೋಗುತ್ತಾನೆ ಎನ್ನುತ್ತಾರೆ, ದೊಡ್ಡಪ್ಪ ಹಾಗೇ ಹೋದರು ಎನ್ನುತ್ತಾರೆ. ಅಣ್ಣ ಹತ್ತಲಾರ, ನಾನು ಇಲ್ಲಿದ್ದೇನೆ. ಅಮ್ಮನನ್ನು ಒಪ್ಪಿಸಿ ಅತ್ತಿಗೆ. ಒಪ್ಪದಿದ್ದರೆ ಒಪ್ಪಿಸದೆಯೇ ಹತ್ತಿ. ಉತ್ತರದ ಕಡೆಗೆ ಮಾತ್ರ ಹಾಕಬೇಡಿ.

ನಿಮ್ಮ ಮೈದುನ
ಮಾದೇಶ


(ಅಂಚೆಗೆ ಹಾಕದ ಕಾಗದ)

ಕೊಂಡೇನಹಳ್ಳಿ
19-5-2024

ಮಾದೇಶ,

ಹಾಕಿದೆವು. ಆದರೆ ಉತ್ತರದ ಕಡೆಗೆ ಹಾಕಿದೆವು. ನೀನು ಬೇಡವೆಂದದ್ದನ್ನೇ ಮಾಡಿದೆವು.

ಲಕ್ಷ್ಮೀಪತಿ ಹಿತ್ತಿಲಿಗೆ ಏಣಿ ಒಯ್ದ ಕೂಡಲೇ ಅತ್ತೆ ಬಂದು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಬಯ್ಯಲಿಲ್ಲ, ಕೂಗಲಿಲ್ಲ. ನಾನು ಬೇಡಿದೆ, ಗದರಿದೆ, ಕಾಲಿಗೂ ಬಿದ್ದೆ. "ನನ್ಗೆ ಕರೆಂಟು ಗೊತ್ತಿಲ್ಲ ಗಂಗಾ. ಮಗ ಕೈಬುಟ್ಟು ಓದ್ರೆ ಏನಾಯ್ತದೆ ಅಂತ ಗೊತ್ತು. ಒಬ್ಬ ಜೈಲ್ನಾಗವ್ನೆ, ಉಳ್ದಿರೋನ್ನ ಅಡ ಇಡಾಕೆ ನನ್ ಕೈಲಾಗಕಿಲ್ಲ" ಎಂದರು. ದೇವರ ಮೇಲಿನ ಭಕ್ತಿಯಾಗಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅವರದು ಬರೀ ಹೆದರಿಕೆ, ಅದೂ ನನ್ನ ಗಂಡನ ಜೀವದ ಹೆದರಿಕೆ.

ಕೊನೆಗೆ ನಿಮ್ಮಣ್ಣನೇ ಒಳಗಿಂದ ಕೂಗಿದರು. ಒಂದೊಂದು ಮಾತಿಗೂ ಒಂದೊಂದು ಉಸಿರು. "ಅಮ್ಮನ್ನ... ಅಳಿಸ್ಬ್ಯಾಡ. ಬೀದಿ ಕಡೆನೇ ಹಾಕು. ಬಿಸ್ಲು ಎಲ್ಲಾ ಕಡೇನೂ ಬೀಳ್ತದೆ." ಲಕ್ಷ್ಮೀಪತಿ ನನ್ನನ್ನು ಬೇಲಿಯ ಹತ್ತಿರ ಕರೆದು, "ಈಗ ಪರವಾಗಿಲ್ಲ ಅಕ್ಕಾ, ಚಳಿಗಾಲದಾಗೆ ಕಷ್ಟ" ಎಂದ. ಚಳಿಗಾಲ ಇನ್ನೂ ದೂರವಿದೆ ಎಂದುಕೊಂಡೆ. ಈ ಹೊತ್ತು ಉಸಿರಾಡಲಿ ಎಂದುಕೊಂಡೆ.

ಇದನ್ನು ನಿನಗೆ ಕಳಿಸಿದರೆ ನೀನು ಆ ಗೋಡೆಗಳ ಒಳಗೆ ತಲೆ ಚಚ್ಚಿಕೊಳ್ಳುತ್ತೀಯ. ಇನ್ಯಾರ ಮೇಲಾದರೂ ಕೈ ಎತ್ತುತ್ತೀಯ. ಕಳಿಸುವುದಿಲ್ಲ.


ಕೊಂಡೇನಹಳ್ಳಿ
20-5-2024

ಮಾದೇಶನಿಗೆ,

ಪ್ಯಾನೆಲ್ ಹಾಕಿದೆವು. ಎರಡು ಭಾನುವಾರ ಹಿಡಿಯಿತು. ಏಳು ಹೆಂಚು ಒಡೆದವು, ಆರು ಲಕ್ಷ್ಮೀಪತಿಯ ಕಾಲಿಗೆ, ಒಂದು ನನ್ನದಕ್ಕೆ. ನೀನು ಹೇಳಿದ ಕಡೆಯೇ ಹಾಕಿದೆವು. ಅತ್ತೆ ಸ್ವಲ್ಪ ತಕರಾರು ಮಾಡಿ ಸುಮ್ಮನಾದರು. ನಿನ್ನ ಆರೋಗ್ಯ ನೋಡಿಕೋ.

ಗಂಗಾದೇವಿ


ಸೆಂಟ್ರಲ್ ಜೈಲು
2-6-2024

ಅತ್ತಿಗೆಯವರಿಗೆ ನಮಸ್ಕಾರ.

ಅಮ್ಮ ಒಪ್ಪಿದರು ಎಂದು ಓದಿ ಎರಡು ಸಲ ಕಣ್ಣುಜ್ಜಿಕೊಂಡೆ. ನನ್ನ ಜೊತೆಗಿರುವವರಿಗೆಲ್ಲ ಹೇಳಿದೆ. ಒಬ್ಬ ಮುದುಕ "ನಿಮ್ಮ ಅತ್ತಿಗೆ ಕಲೆಕ್ಟರ್ ಆಗಬೇಕಿತ್ತು" ಎಂದು ತಮಿಳಿನಲ್ಲಿ ಹೊಗಳಿದ.

ಇನ್ವರ್ಟರಿನ ಮೇಲಿನ ಅಂಕಿ ಮಧ್ಯಾಹ್ನ ಎಷ್ಟು ತೋರಿಸುತ್ತದೆ ಬರೆಯಿರಿ. ತಿಂಗಳಿಗೊಮ್ಮೆ ಪ್ಯಾನೆಲ್‌ಗೆ ನೀರು ಚಿಮುಕಿಸಿ ಧೂಳು ಒರೆಸಿ. ಅಣ್ಣ ಏನನ್ನುತ್ತಾನೆ? ಅವನು ನನ್ನ ಬಗ್ಗೆ ಏನಾದರೂ ಕೇಳುತ್ತಾನೆಯೇ? ಕೇಳದಿದ್ದರೆ ಅದನ್ನೂ ಬರೆಯಿರಿ, ತಡೆದುಕೊಳ್ಳುತ್ತೇನೆ.

ಮಾದೇಶ


ಕೊಂಡೇನಹಳ್ಳಿ
30-6-2024

ಮಾದೇಶನಿಗೆ,

ಹೋದ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕರೆಂಟು ತೆಗೆದರು. ಊರೆಲ್ಲ ಬೀಸಣಿಗೆ ಹಿಡಿದು ಜಗಲಿಗೆ ಬಂತು. ನಮ್ಮ ಮನೆಯಲ್ಲಿ ಮಿಷನ್ ಗುರುಗುಟ್ಟುತ್ತಲೇ ಇತ್ತು. ಸಂಜೆ ಐದಕ್ಕೂ ಬ್ಯಾಟರಿ ಅರ್ಧಕ್ಕಿಂತ ಮೇಲಿತ್ತು. ಮಧ್ಯಾಹ್ನ ಇನ್ವರ್ಟರಿನ ಅಂಕಿ ಸಾವಿರದ ನೂರು ವ್ಯಾಟ್ ದಾಟಿತ್ತು. ನಿಮ್ಮಣ್ಣ ಉದ್ದ ಕೊಳವೆ ಹಾಕಿಕೊಂಡು ಜಗಲಿಯವರೆಗೆ ಬಂದು ಕೂತರು. ಅವರನ್ನು ಹೊರಗಿನ ಬೆಳಕಿನಲ್ಲಿ ನೋಡಿ ಏಳು ತಿಂಗಳಾಗಿತ್ತು. ಹಲಸಿನಹಣ್ಣು ಕೇಳಿ ನಾಲ್ಕು ತೊಳೆ ತಿಂದರು. ನನಗೆ ಅಳು ಬಂತು, ಒಳಗೆ ಹೋಗಿ ಅತ್ತುಬಂದೆ.

ನಿನ್ನನ್ನು ಕೇಳುತ್ತಾರೆ. ದಿನಾ ಕೇಳುತ್ತಾರೆ. "ಮಾದ ಒಳ್ಗಿದ್ಕೊಂಡೇ ನನ್ಗೆ ಉಸ್ರು ಕೊಟ್ಟ" ಎಂದರು. ಇದನ್ನು ಬರೆಯಲು ನನಗೆ ಹೊಟ್ಟೆಕಿಚ್ಚು, ಏಣಿ ಹತ್ತಿದವಳು ನಾನು.

ಅತ್ತೆಗೆ ಈಗ ಹಿಗ್ಗಿನಿಂದ ಕಾಲು ನಿಲ್ಲುವುದಿಲ್ಲ. ಪಕ್ಕದ ಮನೆಯ ಕೊಂಡಮ್ಮನನ್ನು ಕರೆದು ಇನ್ವರ್ಟರಿನ ಹಸಿರು ದೀಪ ತೋರಿಸುತ್ತಾರೆ.

ಗಂಗಾದೇವಿ


ಸೆಂಟ್ರಲ್ ಜೈಲು
9-7-2024

ಅತ್ತಿಗೆ,

ಅಣ್ಣ ಹೇಳಿದ ಮಾತನ್ನು ಹರಿದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಕಾಗದದ ಉಳಿದ ಭಾಗ ಪೆಟ್ಟಿಗೆಯಲ್ಲಿದೆ.

ಒಂದು ಮಾತು. ಸಾವಿರದ ನೂರು ಎಂದಿರಿ. ಜೂನಿನಲ್ಲಿ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ದಕ್ಷಿಣದ ಇಳಿಜಾರಿಗೆ ಈ ತಿಂಗಳು ಅಷ್ಟು ಬರಬಾರದು. ಲಕ್ಷ್ಮೀಪತಿ ಒಳ್ಳೆಯ ಪ್ಯಾನೆಲ್ ಕೊಟ್ಟಿದ್ದಾನೆ ಎಂದುಕೊಳ್ಳುತ್ತೇನೆ. ಈಗಲೇ ಇಷ್ಟಾದರೆ ಕಾರ್ತಿಕ ಕಳೆದು ಸೂರ್ಯ ದಕ್ಷಿಣಕ್ಕೆ ವಾಲಿದಾಗ ಇನ್ನೂ ಹೆಚ್ಚು ಸಿಗುತ್ತದೆ. ಮಳೆ ಮೋಡದ ಆ ತಿಂಗಳುಗಳಲ್ಲೇ ನಮಗೆ ಅದು ಬೇಕಾಗಿರುವುದು. ನೀವು ಧೈರ್ಯವಾಗಿರಿ.

ಮಾದೇಶ


ಕೊಂಡೇನಹಳ್ಳಿ
10-11-2024

ಮಾದೇಶನಿಗೆ,

ನಾಲ್ಕು ತಿಂಗಳು ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಕಂಪನಿಯಲ್ಲಿ ಕೆಲಸ ಹೆಚ್ಚು. ನಿಮ್ಮಣ್ಣ ಈಗ ಎದ್ದು ಕೂರುವುದಿಲ್ಲ. ಮಿಷನ್ ತೆಗೆದರೆ ಹತ್ತು ನಿಮಿಷವೂ ತಡೆಯುವುದಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಸೋಲಾರ್ ಹಾಕಿಸಿದ್ದಾರೆ. ಅವರದು ಉತ್ತರದ ಇಳಿಜಾರು. ಈಚೆಗೆ ಬ್ಯಾಟರಿ ತುಂಬುವುದಿಲ್ಲ ಎನ್ನುತ್ತಾರೆ. ಏನು ಮಾಡಬೇಕು ಎಂದು ನಿನ್ನನ್ನು ಕೇಳು ಎಂದರು. ಪ್ಯಾನೆಲ್ ಕೆಳಗೆ ಮರದ ತುಂಡು ಕೊಟ್ಟು ಎತ್ತರಿಸಿದರೆ ಆದೀತೇ? ಕೂಡಲೇ ಬರೆ.

ಗಂಗಾದೇವಿ


ಸೆಂಟ್ರಲ್ ಜೈಲು
20-11-2024

ಅತ್ತಿಗೆ,

ಮರದ ತುಂಡು ಕೊಟ್ಟರೆ ಗಾಳಿಗೆ ಪ್ಯಾನೆಲ್ ಹಾರಿಹೋಗುತ್ತದೆ. ಆ ಮನೆಯವರಿಗೆ ಹೇಳಿ, ಡಿಸೆಂಬರಿನಲ್ಲಿ ಉತ್ತರದ ಇಳಿಜಾರಿಗೆ ಅರ್ಧವೂ ಸಿಗುವುದಿಲ್ಲ. ಬಿಸಿಲು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಪ್ಯಾನೆಲ್ ಮೇಲೆ ಓರೆಯಾಗಿ ಜಾರಿಹೋಗುತ್ತದೆ. ಅದನ್ನು ದಕ್ಷಿಣಕ್ಕೆ ಬದಲಿಸುವುದೊಂದೇ ದಾರಿ. ಇದೇ ವಾರ ಬದಲಿಸಲಿ.

ಅಂದಹಾಗೆ, ನಮ್ಮ ಬೀದಿಯಲ್ಲಿ ಉಳಿದವರದೆಲ್ಲ ತಾರಸಿಯಾಗಿತ್ತಲ್ಲ. ಇಳಿಜಾರಿನ ಮನೆ ಇನ್ನೊಂದು ಯಾವುದು?

ಮಾದೇಶ


ಸೆಂಟ್ರಲ್ ಜೈಲು
9-12-2024

ಅತ್ತಿಗೆ,

ಪೊಲೀಸ್ ವ್ಯಾನು ನಮ್ಮ ಬೀದಿಗೆ ತಿರುಗಿದ ಕೂಡಲೇ ಕಂಡಿತು. ಅಣ್ಣನನ್ನು ಜಗಲಿಯಲ್ಲಿ ಮಲಗಿಸಿದ್ದು ಆಮೇಲೆ ಕಂಡದ್ದು. ಮೊದಲು ಕಂಡದ್ದು ಬೀದಿ ಕಡೆಯ ಮಾಡಿನ ಮೇಲೆ ಎರಡು ಪ್ಯಾನೆಲ್, ಪಕ್ಕದಲ್ಲಿ ಎರಡು ಕಿತ್ತ ಗುರುತು.

ಅಂತ್ಯಕ್ರಿಯೆಗೆ ನನಗೆ ಕೊಟ್ಟಿದ್ದು ನಾಲ್ಕು ಗಂಟೆ. ಆ ನಾಲ್ಕು ಗಂಟೆ ನಿಮ್ಮ ಮುಖ ನೋಡಲಿಲ್ಲ. ಬೆಂಕಿ ಇಡುವಾಗ ಒಂದು ಕೈ ಬಿಚ್ಚಿದರು, ಇನ್ನೊಂದು ಕೈ ಕಾನ್‌ಸ್ಟೇಬಲ್ ಹಿಡಿದಿದ್ದ. ಅಮ್ಮ ನನ್ನ ಹತ್ತಿರ ಬಂದು ಏನೋ ಕೇಳಬೇಕೆಂದು ಬಾಯಿ ತೆರೆದು, ಕೇಳದೆ ಹೋದರು.

ನೀನು ಹೇಳಿದ ಕಡೆಯೇ ಹಾಕಿದೆವು ಎಂದು ಬರೆದಿದ್ದಿರಿ. ಆ ಕಾಗದ ನನ್ನ ಹತ್ತಿರ ಇದೆ. ನಿಜ ಬರೆದಿದ್ದರೆ ನಾನು ಲಕ್ಷ್ಮೀಪತಿಗೆ ಬರೆಯುತ್ತಿದ್ದೆ, ಅಮ್ಮನಿಗೆ ಬರೆಯುತ್ತಿದ್ದೆ, ಪರೋಲಿಗೆ ಅರ್ಜಿ ಹಾಕುತ್ತಿದ್ದೆ. ನಾನೇ ಒದ್ದೆ ಬಟ್ಟೆಯಲ್ಲಿ ಹತ್ತುತ್ತಿದ್ದೆ. ಹತ್ತಲು ಹಕ್ಕಿದ್ದವನು ನಾನೊಬ್ಬನೇ ಇದ್ದೆನಲ್ಲ. ಯಾಕೆ ಅತ್ತಿಗೆ? ನನ್ನನ್ನು ಯಾಕೆ ಸತ್ತವರ ಲೆಕ್ಕಕ್ಕೆ ಹಾಕಿಬಿಟ್ಟಿರಿ?

ಮಾದೇಶ


ಕೊಂಡೇನಹಳ್ಳಿ
20-12-2024

ಮಾದೇಶ,

ನಿನ್ನ ಪ್ರಶ್ನೆ ಓದಿದೆ. ನಡೆದದ್ದನ್ನು ಬರೆಯುತ್ತೇನೆ.

ನಿನ್ನ ಕಾಗದ ನವೆಂಬರ್ ಇಪ್ಪತ್ತೆಂಟಕ್ಕೆ ಬಂತು. ಅತ್ತೆಗೆ ಓದಿ ಹೇಳಿದೆ. ಅವರು ಭಾನುವಾರ ಲಕ್ಷ್ಮೀಪತಿ ಬರಲಿ, ನೋಡೋಣ ಎಂದರು. ಶನಿವಾರ ಸಂಜೆಯೇ ಮಳೆ ಹಿಡಿಯಿತು, ಟ್ರಾನ್ಸ್‌ಫಾರ್ಮರು ಸಿಡಿಯಿತು. ಹಳ್ಳ ತುಂಬಿ ರಸ್ತೆ ಮುಳುಗಿತು. ಲಕ್ಷ್ಮೀಪತಿ, ಆಂಬುಲೆನ್ಸು, ಶೂಲಗಿರಿಯ ಬಾಡಿಗೆ ಜನರೇಟರು, ಎಲ್ಲ ಆ ದಡದಲ್ಲೇ ಉಳಿದವು. ಬ್ಯಾಟರಿ ಮೊದಲ ದಿನಕ್ಕೇ ಇಳಿಯಿತು. ಈ ಸಲ ಎರಡು ದೊಡ್ಡ ಸಿಲಿಂಡರು ತರಿಸಿಟ್ಟಿದ್ದೆ. ಅದರಲ್ಲಿ ಭಾನುವಾರ, ಸೋಮವಾರ ಕಳೆದವು.

ಮಂಗಳವಾರ ಬಿಸಿಲು ಬಂತು. ಅಂಥ ಬಿಸಿಲನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಹಿತ್ತಿಲ ಕಡೆಯ ಹೆಂಚು ಹೊಳೆಯುತ್ತಿತ್ತು, ಬೀದಿ ಕಡೆಯ ಪ್ಯಾನೆಲ್ ಮಬ್ಬಾಗಿ ಬಿದ್ದಿತ್ತು. ದಿನವಿಡೀ ತುಂಬಿ ಮಿಷನ್ ಎರಡು ಗಂಟೆ ಓಡಿತು. ಸಿಲಿಂಡರಿನ ಮುಳ್ಳು ಕೆಂಪಿಗೆ ಬಂತು. ಕರೆಂಟಿನವರು ಸಾಯಂಕಾಲ ಖಂಡಿತ ಬರುತ್ತದೆ ಎಂದರು. ನಂಬಿದೆ. ಆ ದಿನವೇ ಹತ್ತಬೇಕಿತ್ತು, ಹತ್ತಲಿಲ್ಲ.

ಬುಧವಾರ ಬೆಳಿಗ್ಗೆ ಅತ್ತೆ ತಾವೇ ಏಣಿ ಹೊತ್ತು ತಂದು ಹಿತ್ತಿಲ ಗೋಡೆಗೆ ಒರಗಿಸಿದರು. "ಅತ್ತು ಗಂಗಾ. ದೇವ್ರು ತಿಂದ್ರೆ ನನ್ ತಲೆ ತಿನ್ಲಿ. ಅತ್ತು ಬೇಗ" ಎಂದರು. ಕೊಂಡಮ್ಮನನ್ನು ನಿಮ್ಮಣ್ಣನ ಪಕ್ಕ ಕೂರಿಸಿದೆವು. ಒಂದೊಂದು ಪ್ಯಾನೆಲ್ ಇಪ್ಪತ್ತೆರಡು ಕಿಲೋ. ಮಾಡಿನ ನೆತ್ತಿಯ ಮೇಲೆ ಹಗ್ಗ ಹಾಕಿ ನಾನು ಎಳೆದೆ, ಅರವತ್ತಾರು ವರ್ಷದ ಹೆಂಗಸು ಏಣಿಯ ಮೇಲೆ ನಿಂತು ಕೆಳಗಿಂದ ನೂಕಿದರು. ದೇವರಮನೆಯ ಮೇಲೆ ಕಾಲಿಟ್ಟಾಗ ನನಗೆ ಏನೂ ಅನ್ನಿಸಲಿಲ್ಲ. ಕೊಕ್ಕೆ ಹಾಕಲು ಹೊತ್ತಿಲ್ಲ, ಹೆಂಚು ತೆಗೆದು ಜಂತೆಗೇ ಹಗ್ಗದಿಂದ ಕಟ್ಟಿದೆ. ಎರಡು ಪ್ಯಾನೆಲ್ ಆಗುವಷ್ಟರಲ್ಲಿ ಹನ್ನೊಂದೂವರೆ. ವೈರು ಸೇರಿಸಿದೆ. ಕಾಲು ಗಂಟೆ ಕಾದ ಮೇಲೆ ನನ್ನ ಕಾಲ ಕೆಳಗೆ, ಹೆಂಚಿನ ಸಂದಿಯಿಂದ, ಮಿಷನ್ ಗುರುಗುಟ್ಟಿದ್ದು ಕೇಳಿಸಿತು. "ಅತ್ತೇ, ಓಡ್ತು! ಓಡ್ತು ಅತ್ತೇ!" ಎಂದು ಮಾಡಿನ ಮೇಲಿಂದ ಕೂಗಿದೆ. ಯಾರೂ ಉತ್ತರ ಕೊಡಲಿಲ್ಲ.

ಇಳಿದು ಬಂದರೆ ಮಿಷನ್ ಓಡುತ್ತಿತ್ತು. ನಿಮ್ಮಣ್ಣ ಹೋಗಿ ಆಗಲೇ ಹತ್ತು ನಿಮಿಷವಾಗಿತ್ತಂತೆ. ಕರೆಂಟು ಆ ಸಂಜೆಯೇ ಬಂತು.

ಈಗ ಊರಲ್ಲಿ ಏನು ಹೇಳುತ್ತಾರೆ ಗೊತ್ತೇ? ಸೊಸೆಯ ಕಾಲು ಬಿದ್ದ ಗಳಿಗೆಯಲ್ಲೇ ಮಗನ ಜೀವ ಹೋಯಿತು ಎನ್ನುತ್ತಾರೆ. ಪಕ್ಕದಲ್ಲಿ ಕೂತಿದ್ದ ಕೊಂಡಮ್ಮನೇ ಸಾಕ್ಷಿ. ನಲ್ಲಿಯ ಹತ್ತಿರ ನಾನು ಹೋದರೆ ಹೆಂಗಸರು ಬಿಂದಿಗೆ ಸರಿಸಿಕೊಳ್ಳುತ್ತಾರೆ. ಅತ್ತೆಗೆ ಆ ಮಾತನ್ನು ಹಿಡಿದುಕೊಂಡು ಬದುಕುವುದು ಸುಲಭವಿತ್ತು. ಅವರು ಹಿಡಿದುಕೊಳ್ಳಲಿಲ್ಲ. ಹಿತ್ತಿಲಲ್ಲಿ ಕೂತು ಮಾಡನ್ನೇ ನೋಡುತ್ತಾರೆ. ಹದಿನೈದು ದಿನದಿಂದ ಗಂಜಿ ನೀರು ಬಿಟ್ಟು ಏನೂ ಇಳಿದಿಲ್ಲ. ಒಂದೇ ಒಂದು ಪ್ರಶ್ನೆಯನ್ನು ಲಕ್ಷ್ಮೀಪತಿಗೆ ಕೇಳಿದರು, ಅವನು ತಲೆ ತಗ್ಗಿಸಿ ಎದ್ದುಹೋದ. ನನ್ನನ್ನು ಕೇಳಿದರು, ನನಗೆ ಗೊತ್ತಿಲ್ಲ ಎಂದೆ. ನಿನ್ನೆ ನನ್ನ ಕೈಗೆ ಪೆನ್ನು ಕೊಟ್ಟು ಬರೆಸಿದರು. ಅವರ ಮಾತಿನಲ್ಲೇ ಬರೆಯುತ್ತೇನೆ:

"ಮಾದ, ನಿನ್ಗೆ ಕರೆಂಟು ಗೊತ್ತು. ಮೊದ್ಲೇ ದೇವ್ರಮನೆ ಮ್ಯಾಲೆ ಆಕಿದ್ರೆ ನಿಮ್ಮಣ್ಣ ಬದುಕ್ತಿದ್ನಾ? ಊಂ ಅಂತ ಬರಿ, ಇಲ್ದಿದ್ರೆ ಇಲ್ಲ ಅಂತ ಬರಿ. ಬ್ಯಾರೆ ಮಾತು ಬ್ಯಾಡ."

ನಾನು ನಿನ್ನಿಂದ ಏನೂ ಕೇಳುವುದಿಲ್ಲ. ಕೇಳುವ ಮುಖವೂ ನನಗಿಲ್ಲ. ಈ ಒಂದಕ್ಕೆ ಉತ್ತರ ಕೊಡು.

ಗಂಗಾದೇವಿ


ಸೆಂಟ್ರಲ್ ಜೈಲು
1-1-2025

ಅತ್ತಿಗೆ,

ಈ ಹಾಳೆ ನಿಮಗೆ, ಇನ್ನೊಂದು ಅಮ್ಮನಿಗೆ. ಇದನ್ನು ಓದಿ ಒಲೆಗೆ ಹಾಕಿ.

ನಾಲ್ಕು ದಿನ ಲೆಕ್ಕ ಹಾಕಿದೆ. ಬೇರೆ ಉತ್ತರ ಬರಲಿ ಎಂದು ಮತ್ತೆ ಮತ್ತೆ ಹಾಕಿದೆ. ಮಂಗಳವಾರದ ಬಿಸಿಲು ಸಾಕಾಗುತ್ತಿತ್ತು. ನಾಲ್ಕೂ ಪ್ಯಾನೆಲ್ ಆ ಕಡೆ ಇದ್ದಿದ್ದರೆ, ಹಗಲು ಮಿಷನ್ ನೇರ ಓಡಿ, ಉಳಿದದ್ದು ಬ್ಯಾಟರಿಗೆ ಹೋಗಿ, ಉಳಿದ ಸಿಲಿಂಡರಿನ ಜೊತೆ ಅಣ್ಣ ಬುಧವಾರ ಸಂಜೆಯನ್ನು ಮುಟ್ಟುತ್ತಿದ್ದ. ಇದು ನಿಮಗೂ ಗೊತ್ತು. ನಾವಿಬ್ಬರು ಇದನ್ನು ಹೊತ್ತುಕೊಳ್ಳೋಣ, ಮೂರನೆಯವರಿಗೆ ಬೇಡ.

ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಅಂದು ಮಾಡಿನ ಮೇಲೆ ನಾನಿರಬೇಕಾದ ಜಾಗದಲ್ಲಿ ನೀವಿದ್ದಿರಿ. ನಾನು ಯಾಕಿರಲಿಲ್ಲ ಎಂದು ಈ ಗೋಡೆಗಳಿಗೆ ಗೊತ್ತು.

ಮಾದೇಶ


(ಎರಡನೆಯ ಹಾಳೆ)

ಅಮ್ಮನಿಗೆ ಮಾದ ಮಾಡುವ ನಮಸ್ಕಾರ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ.

ಆ ಕಡೆ ಹಾಕಿದ್ದರೂ ಅಣ್ಣ ಉಳಿಯುತ್ತಿರಲಿಲ್ಲ. ಮೂರು ದಿನದ ಮೋಡಕ್ಕೆ ಯಾವ ಕಡೆಯಾದರೂ ಒಂದೇ. ತಪ್ಪು ನನ್ನದು. ಎರಡು ಬ್ಯಾಟರಿ ಸಾಕು ಎಂದು ಬರೆದವನು ನಾನು, ನಾಲ್ಕು ಬೇಕಿತ್ತು. ನನ್ನ ಲೆಕ್ಕ ತಪ್ಪಿತು. ಇದರಲ್ಲಿ ನಿನ್ನ ಮಾತಿನದು ಏನೂ ಇಲ್ಲ. ಅತ್ತಿಗೆಯ ಕಾಲಿನದೂ ಏನೂ ಇಲ್ಲ, ಬ್ಯಾಟರಿಗೆ ಯಾರ ಕಾಲೂ ಗೊತ್ತಾಗುವುದಿಲ್ಲ. ಊರಿನವರು ಯಾರಾದರೂ ಮಾತಾಡಿದರೆ, ತಪ್ಪು ಜೈಲಿನಲ್ಲಿರುವವನದು ಎಂದು ಹೇಳು. ನನಗೆ ಇನ್ನೊಂದು ಹೆಚ್ಚಾದರೆ ಭಾರವಲ್ಲ.

ಊಟ ಮಾಡಮ್ಮ. ನಾನು ಬರುವಾಗ ನೀನು ಇರಬೇಕು.

ನಿನ್ನ ಮಗ
ಮಾದೇಶ


ಕೊಂಡೇನಹಳ್ಳಿ
12-1-2025

ಮಾದೇಶ,

ಮೊದಲ ಹಾಳೆಯನ್ನು ಒಲೆಗೆ ಹಾಕಿದೆ. ಎರಡನೆಯದನ್ನು ಹಿತ್ತಿಲಲ್ಲಿ ಅತ್ತೆಯ ಎದುರಿಗೆ ಕೂತು ಓದಿದೆ. "ಇನ್ನೊಂದ್ಸಲ ಓದು" ಎಂದರು. ಓದಿದೆ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಅಕ್ಷರ ಬಾರದಿದ್ದರೂ, ಬಹಳ ಹೊತ್ತು ನೋಡಿದರು.

"ಸುಳ್ಳು ಬರ್ದವ್ನೆ" ಎಂದರು. "ಸಣ್ಣೋನಿದ್ದಾಗ್ಲೂ ಅಷ್ಟೆ. ಸುಳ್ಳೇಳ್ವಾಗ ಕೇಳ್ದೇ ಇರಾದಕ್ಕೂ ಉತ್ರ ಕೊಡ್ತಿದ್ದ. ನೀನೂ ಓದ್ವಾಗ ಒಂದ್ ಕಿತಾನೂ ನನ್ ಮಕ ನೋಡ್ಲಿಲ್ಲ ಕಣಮ್ಮಿ."

ಅವರು ಅಳಲಿಲ್ಲ. ಕಾಗದವನ್ನು ಮಡಿಸಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು, "ಆಗ್ಲಿ ಬುಡು. ಉಣ್ಣು ಅಂತ ಬರ್ದವ್ನಲ್ಲ, ಇಟ್ಟು ಇಕ್ಕು" ಎಂದರು. ರಾಗಿಹಿಟ್ಟು, ಅವರೆಕಾಳಿನ ಸಾರು ಇತ್ತು. ಅರ್ಧ ಮುದ್ದೆ ತಿಂದರು.

ಮಾರನೆಯ ಬೆಳಿಗ್ಗೆ ನಾನು ನಲ್ಲಿಗೆ ಹೊರಟಾಗ ತಾವೂ ಹಿಂದೆ ಬಂದರು. ಅಲ್ಲಿ ಕೊಂಡಮ್ಮ, ಇನ್ನೂ ಐದಾರು ಜನ ಇದ್ದರು. ನನ್ನನ್ನು ಕಂಡು ಬಿಂದಿಗೆ ಸರಿಸಿಕೊಂಡರು. ಅತ್ತೆ ನಡುವೆ ಹೋಗಿ ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು: "ಇವ್ಳ ಕಾಲು ಬಿದ್ದು ನನ್ ಮಗ ಸಾಯ್ಲಿಲ್ಲ ಕಣೇ ಕೊಂಡಿ. ಇವ್ಳು ಆರು ತಿಂಗ್ಳು ಮುಂಚೇನೇ ಅತ್ತಾಕೆ ಓಗಿದ್ಳು. ನಾನು ಏಣಿ ಮ್ಯಾಲೆ ಕುಂತು ತಡ್ದೆ. ನಾನು ತಡ್ದಿದ್ಕೆ ಸತ್ತ. ಆಡಾದಿದ್ರೆ ನನ್ನ ಆಡ್ಕೊ."

ನಲ್ಲಿಯಲ್ಲಿ ನೀರು ಸುರಿಯುತ್ತಿತ್ತು. ಅತ್ತೆ ನನ್ನ ಬಿಂದಿಗೆಯನ್ನು ತೆಗೆದು ಎಲ್ಲರಿಗಿಂತ ಮುಂದಿಟ್ಟರು, ತುಂಬಿದ ಮೇಲೆ ಎತ್ತಿ ನನ್ನ ಸೊಂಟಕ್ಕೆ ಕೊಟ್ಟರು. ಇಬ್ಬರೂ ಮನೆಗೆ ಬಂದೆವು.

ನಿನ್ನ ಅತ್ತಿಗೆ
ಗಂಗಾದೇವಿ